ಕೈಕೋವಿಗೆ ಹೆಗಲುಮರ: ಗಾಳಿಪಿಸ್ತೂಲು ಕಾರ್ಬೈನಾದ ಚರಿತ್ರೆ

ಕನ್ನಡದಲ್ಲಿ ಈ ಆಯುಧಕ್ಕೆ ರೂಢಿಯಾಗಿರುವ ಹೆಸರುಗಳು ಮುಖ್ಯವಾಗಿ ಮೂರು: ಕೋವಿ, ತುಪಾಕಿ, ಬಂದೂಕು. ಇವುಗಳಲ್ಲಿ ಮೊದಲನೆಯದು ದೇಶ್ಯಶಬ್ದ. ಅದಕ್ಕೆ ನಳಿಗೆಯೆಂಬ ಅರ್ಥವೂ ಉಂಟು. ಬಂದೂಕೆಂಬುದು ಅರಬ್ಬಿಯ ‘ಬುಂದುಕ್’ ಶಬ್ದದಿಂದ ಬಂದುದು. ಅಲ್ಲಿ ಅದು ಒಂದು ಬಗೆಯ ಗಟ್ಟಿಸಿಪ್ಪೆಯ ಕಾಯಿಗೆ ಹೆಸರಾಗಿ, ಆ ಕಾಯಿಯ ಗಾತ್ರದ ಗುಂಡಿಗೆ ಸಂದು, ಕಡೆಗೆ ಗುಂಡನ್ನು ಹಾರಿಸುವ ಸಾಧನಕ್ಕೇ ಅಂಟಿಕೊಂಡಿತು. ತುಪಾಕಿಯ ಕಥೆ ಇನ್ನೂ ಸ್ವಾರಸ್ಯವಾದುದು. ಅದು ತುರ್ಕಿಯ ‘ತೂಫೆಕ್’. ಅದರ ಪ್ರಾಚೀನರೂಪವನ್ನು ೧೧ನೆಯ ಶತಮಾನದ ನಿಘಂಟುಕಾರನಾದ ಮಹಮೂದ್ ಕಾಷ್ಗರಿಯು ಸಣ್ಣ ಹಕ್ಕಿಗಳನ್ನು ಹೊಡೆಯಲು ಬಳಸುತ್ತಿದ್ದ ಊದುಗೊಳವೆ ಎಂಬರ್ಥದಲ್ಲಿ ಕೊಟ್ಟಿದ್ದಾನೆ. ಎಂದರೆ ಸಿಡಿಮದ್ದು ಆ ನಾಡುಗಳನ್ನು ಮುಟ್ಟುವುದಕ್ಕೆ ಮೊದಲೇ ತುಪಾಕಿ ಇದ್ದಿತು. ಅದನ್ನು ಹಾರಿಸುತ್ತಿದ್ದುದು ಬೆಂಕಿಯಲ್ಲ, ಮನುಷ್ಯನ ಉಸಿರು. ಗಾಳಿಕೋವಿಯನ್ನು ಮದ್ದಿನ ಕೋವಿಯ ಆಟಿಕೆಯ ಅನುಕರಣವೆಂದು ಭಾವಿಸುವವರಿಗೆ ಈ ಶಬ್ದವೊಂದೇ ಸಾಕಾದ ಉತ್ತರವಾಗಿದೆ.

ಆದರೆ ಪ್ರಕೃತ ವಿಚಾರಣೀಯವಾದ ಅಂಶ ಬೇರೊಂದು. ಈ ಮೂರು ಹೆಸರುಗಳಲ್ಲಿ ಎರಡು ನಳಿಗೆಯನ್ನು ನೋಡುತ್ತವೆ, ಒಂದು ಗುಂಡನ್ನು ನೋಡುತ್ತದೆ. ಹಿಂಬದಿಯಲ್ಲಿ ಹೆಗಲಿಗೆ ಆನಿಸಿಕೊಳ್ಳುವ ಮರದ ಭಾಗವನ್ನು ಯಾವುದೂ ನೋಡುವುದಿಲ್ಲ. ಆ ಭಾಗವನ್ನು ಇಲ್ಲಿ ಹೆಗಲುಮರವೆಂದು ಕರೆಯಲಾಗಿದೆ. ಅದನ್ನು ಮರದಿಂದಲ್ಲದೆ ತಂತಿಯಿಂದಲೋ ಕಬ್ಬಿಣದ ತಗಡಿನಿಂದಲೋ ಪ್ಲಾಸ್ಟಿಕಿನಿಂದಲೋ ಮಾಡಿರುವುದುಂಟಾದರೂ ಹೆಸರು ಒಂದೇ ಇರುವುದು ಅನುಕೂಲ. ಆಯುಧವು ಪಿಸ್ತೂಲೋ ಕಾರ್ಬೈನೋ ಎಂಬುದನ್ನು ನಿರ್ಣಯಿಸುವುದು ನಳಿಗೆಯೂ ಅಲ್ಲ, ಗುಂಡೂ ಅಲ್ಲ, ಈ ಹೆಗಲುಮರವೇ ಎಂಬುದನ್ನು ಚರಿತ್ರೆಯಿಂದ ತೋರಿಸಬಹುದಾಗಿದೆ. ಅದಕ್ಕೆ ಎಲ್ಲಕ್ಕಿಂತ ನಿರ್ಮಲವಾದ ನಿದರ್ಶನ ಗಾಳಿಪಿಸ್ತೂಲು. ಏಕೆಂದರೆ ಅಲ್ಲಿ ಮದ್ದಿಲ್ಲ, ಹೆಚ್ಚಿನ ಹಿಂದೊದೆತವಿಲ್ಲ, ಮರವನ್ನು ಸೇರಿಸಿದಾಗ ಮರದ ಹೊರತು ಬೇರೇನೂ ಬದಲಾಗುವುದಿಲ್ಲ.

ಪಿಸ್ತೂಲನ್ನು ಹಿಡಿದವನ ದೇಹಕ್ಕೂ ಆಯುಧಕ್ಕೂ ಸಂಪರ್ಕವಿರುವುದು ಮಣಿಕಟ್ಟಿನ ಮುಂದೆ ಮಾತ್ರ. ತೋಳು ಚಾಚಿದಷ್ಟೂ ಅದರ ತೂಕ ಹೆಚ್ಚಾಗಿ ತೋರುತ್ತದೆ. ಉಸಿರಿನ ಏರಿಳಿತವೂ ನಾಡಿಯ ಬಡಿತವೂ ನಳಿಗೆಯ ತುದಿಯಲ್ಲಿ ಕಾಣಿಸಿಕೊಳ್ಳುತ್ತವೆ. ಹಿಂದಣ ಗುರಿನೋಟವೂ ಮುಂದಣ ಗುರಿನೋಟವೂ ಅಂಗೈಯಗಲದ ಅಂತರದಲ್ಲಿರುವುದರಿಂದ, ಕೈಯಲ್ಲಿ ಕೂದಲೆಳೆಯಷ್ಟಾದ ತಪ್ಪು ಹತ್ತು ಗಜದಾಚೆ ಅಂಗುಲಗಟ್ಟಲೆಯಾಗಿ ಬೆಳೆಯುತ್ತದೆ. ಅದೇ ಆಯುಧಕ್ಕೆ ಹೆಗಲುಮರ ಬಂದೊಡನೆ ಹೆಗಲು, ಕೆನ್ನೆ, ಎರಡು ಕೈ ಎಂಬ ನಾಲ್ಕು ಆಧಾರಗಳು ದೊರಕುತ್ತವೆ. ಗುಂಡಿನ ವೇಗ ಒಂದು ಅಡಿಯಷ್ಟೂ ಹೆಚ್ಚುವುದಿಲ್ಲ. ಆದರೂ ಹೊಡೆತ ಹೊಸದಾಗುತ್ತದೆ.

ಒತ್ತಿದ ಗಾಳಿಯಿಂದ ಎಸೆಯುವ ಯಂತ್ರದ ಕಲ್ಪನೆ ಬಹಳ ಹಳೆಯದು. ಕ್ರಿಸ್ತಪೂರ್ವ ೩ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಕ್ಟೆಸಿಬಿಯಸನು ಗಾಳಿಯನ್ನು ಒತ್ತುವ ಕಂಚಿನ ಉರುಳೆಗಳುಳ್ಳ ಕವಣೆಯಂತ್ರವನ್ನು ಯೋಜಿಸಿದನೆಂದು ಬೈಜಾಂಟಿಯಮಿನ ಫಿಲೋ ವರ್ಣಿಸಿದ್ದಾನೆ. ಈಗ ಉಳಿದಿರುವ ಗಾಳಿಕೋವಿಗಳಲ್ಲಿ ಅತಿ ಹಳೆಯದೆಂದು ಹೇಳುವ, ಸುಮಾರು ೧೫೮೦ರದೆಂದು ಎಣಿಸಿರುವ ತಿದಿಯ ಕೋವಿಯೊಂದು ಸ್ಟಾಕ್‌ಹೋಮಿನ ಅರಮನೆಯ ಆಯುಧಾಗಾರದಲ್ಲಿದೆ. ಅದರ ನಂತರದ ಇನ್ನೂರು ವರ್ಷಗಳ ವಿವರಗಳು ಈ ಲೇಖನಕ್ಕೆ ಅಷ್ಟಾಗಿ ಬೇಕಾಗಿಲ್ಲ. ಹೆಗಲುಮರದ ಚರಿತ್ರೆಯಲ್ಲಿ ನಿಜವಾಗಿ ನಿಲ್ಲಬೇಕಾದ ಸ್ಥಳ ೧೭೮೦ನೆಯ ವರ್ಷದ ಆಸ್ಟ್ರಿಯ.

ಆ ವರ್ಷ ಆಸ್ಟ್ರಿಯದ ಸೈನ್ಯವು ಟಿರೋಲ್ ಸೀಮೆಯ ಬಾರ್ತೊಲೊಮೆಯುಸ್ ಜಿರಾಂದೋನಿ ಎಂಬ ಕುಶಲಕರ್ಮಿಯ ಗಾಳಿಬಂದೂಕನ್ನು ಅಂಗೀಕರಿಸಿತು. ಸುಮಾರು ನಾಲ್ಕಡಿ ಉದ್ದ, ಹತ್ತು ಪೌಂಡು ತೂಕ. ನಳಿಗೆಯ ಪಕ್ಕದ ಕೊಳವೆಯಲ್ಲಿ ೨೦ಕ್ಕೂ ಮೇಲ್ಪಟ್ಟು ಗುಂಡುಗಳು. ಅಡ್ಡಲಾಗಿ ಸರಿಯುವ ಒಂದು ಕಟ್ಟೆಯನ್ನು ಬೆರಳಿನಿಂದ ಒತ್ತಿಬಿಟ್ಟರೆ ಗುಂಡು ತನ್ನ ಸ್ಥಾನಕ್ಕೆ ಬರುತ್ತಿತ್ತು. ಮದ್ದು ಸುರಿದು, ಗುಂಡು ತುರುಕಿ, ಗಜಕೋಲಿನಿಂದ ಬಡಿದು ಒಂದೊಂದೇ ಸಲ ಹಾರಿಸುತ್ತಿದ್ದ ಕಾಲದಲ್ಲಿ ಇದು ಸಾಮಾನ್ಯವಾದ ಸಂಗತಿಯಲ್ಲ. ಹೊಗೆಯಿಲ್ಲ, ಮಳೆಯಲ್ಲಿ ನೆನೆಯುವ ಮದ್ದಿಲ್ಲ, ಮಲಗಿಕೊಂಡೇ ಮತ್ತೆ ತುಂಬಬಹುದು. ಆದರೆ ಇದರಲ್ಲಿ ಗಮನಿಸತಕ್ಕ ವಿಶೇಷ ಹೆಗಲುಮರವೇ. ಅಲ್ಲಿ ಮರವಿರಲಿಲ್ಲ. ಕಬ್ಬಿಣದ ತಗಡನ್ನು ಬಡಿದು ಬೆಸೆದು ಶಂಕುವಿನಾಕಾರಕ್ಕೆ ತಂದು, ಅದರ ಮೇಲೆ ತೊಗಲು ಹೊದಿಸಿದ ಗಾಳಿಯ ಪಾತ್ರೆಯೇ ಹೆಗಲಿಗೆ ಆನಿಸುವ ಭಾಗವಾಗಿತ್ತು. ಅದನ್ನು ತಿರುಪಿನಿಂದ ಕಳಚಿ, ಪಂಪಿಗೆ ಸೇರಿಸಿ, ಸುಮಾರು ೧೫೦೦ ಸಲ ಒತ್ತಿದರೆ ಅದು ತುಂಬುತ್ತಿತ್ತು. ಅಷ್ಟು ಗಾಳಿಯಿಂದ ಮೂವತ್ತರವರೆಗೆ ಒಳ್ಳೆಯ ಹೊಡೆತಗಳು ದೊರೆಯುತ್ತಿದ್ದವು. ಸಿಪಾಯಿಯು ಗಾಳಿ ಮುಗಿದ ಪಾತ್ರೆಯನ್ನು ತೆಗೆದು ತುಂಬಿದ ಮತ್ತೊಂದನ್ನು ತಿರುಗಿಸಿ ಹಾಕಿಕೊಳ್ಳುವನು. ಪಾತ್ರೆಯನ್ನು ಕಳಚಿದರೆ ಕೈಯಲ್ಲಿ ಉಳಿಯುವುದು ಹೆಗಲಿಗೂ ಒದಗದ, ಗುಂಡನ್ನೂ ಹಾರಿಸದ ಒಂದು ಕೊಳವೆ.

ಹೀಗೆ ಕಳಚಿ ಜೋಡಿಸಬಹುದಾದ ಹೆಗಲುಮರವು ಸೈನ್ಯಕ್ಕೆ ಬಂದುದು ಆಧಾರವಾಗಿ ಮಾತ್ರವಲ್ಲ, ಆಯುಧದ ಜೀವವಾಗಿ. ಅದರ ದೌರ್ಬಲ್ಯವೂ ಅಲ್ಲಿಯೇ ಇದ್ದಿತು. ತಗಡಿನ ಬೆಸುಗೆ ಬಿಡುತ್ತಿತ್ತು. ಕವಾಟದ ತೊಗಲಿನ ಬಿರಡೆಗಳು ಒಣಗಿದರೆ ಗಾಳಿ ಸೋರುತ್ತಿತ್ತು. ಸಾಮಾನ್ಯ ಸಿಪಾಯಿಗೆ ಇದರ ಶುಶ್ರೂಷೆ ಸಾಧ್ಯವಾಗಲಿಲ್ಲ. ೧೮೧೫ರ ಹೊತ್ತಿಗೆ ಸೈನ್ಯವು ಅದನ್ನು ಕೈಬಿಟ್ಟಿತ್ತು. ಅಮೆರಿಕದ ಪಶ್ಚಿಮವನ್ನು ಕಾಣಲು ಹೊರಟ ಲೂಯಿಸ್ ಮತ್ತು ಕ್ಲಾರ್ಕರು ೧೮೦೩ರಿಂದ ೧೮೦೬ರವರೆಗೆ ಒಯ್ದಿದ್ದ ಗಾಳಿಬಂದೂಕು ಇದೇ ಮಾದರಿಯದೆಂಬುದು ಈಚಿನ ವಿದ್ವಾಂಸರಲ್ಲಿ ಹೆಚ್ಚಿನವರ ಮತ. ಅವರು ದಾರಿಯಲ್ಲಿ ಸಂಧಿಸಿದ ಮೂಲನಿವಾಸಿಗಳ ಮುಂದೆ ಅದನ್ನು ಹಾರಿಸಿ ತೋರಿಸಿದುದನ್ನು ತಮ್ಮ ದಿನಚರಿಗಳಲ್ಲಿ ಹಲವು ಸಲ ಬರೆದಿಟ್ಟಿದ್ದಾರೆ.

೧೯ನೆಯ ಶತಮಾನದಲ್ಲಿ ಈ ವಿದ್ಯೆಯು ಇಂಗ್ಲೆಂಡಿನ ಕುಲೀನರ ಕೈಗೋಲಿನೊಳಗೆ ಸೇರಿತು. ನೋಟಕ್ಕೆ ನಡೆಯುವ ಕೋಲು. ಮೇಲರ್ಧ ಗಾಳಿಯ ಪಾತ್ರೆ, ಕೆಳಗಿನರ್ಧ ನಳಿಗೆ. ಇವುಗಳಲ್ಲಿ ಕೆಲವಕ್ಕೆ ಬೇರೆಯಾಗಿ ಜೋಡಿಸಿಕೊಳ್ಳುವ ಹೆಗಲುಮರವೂ ಇರುತ್ತಿತ್ತು. ಸಾಹಿತ್ಯದ ಅಧ್ಯಾಪಕರಿಗೆ ಈ ಕೋಲು ಅಪರಿಚಿತವಲ್ಲ: ೧೯೦೩ರಲ್ಲಿ ಪ್ರಕಟವಾದ ಕಾನನ್ ಡಾಯ್ಲರ ‘ಬರಿದಾದ ಮನೆ’ಯ ಕಥೆಯಲ್ಲಿ ಷರ್ಲಾಕ್ ಹೋಮ್ಸನ ಮೇಲೆ ಹೊಂಚುಹಾಕುವ ಕರ್ನಲ್ ಮೊರಾನನು ಕತ್ತಲೆಯಲ್ಲಿ ಬಿಡಿಭಾಗಗಳಿಂದ ಜೋಡಿಸಿಕೊಳ್ಳುವ ಆಯುಧವು ಕುರುಡನಾದ ಜರ್ಮನ್ ಶಿಲ್ಪಿಯೊಬ್ಬನು ಮಾಡಿದ ಗಾಳಿಬಂದೂಕು. ಅದರ ಹಿಂಬದಿಯು ವಿಚಿತ್ರಾಕಾರವಾಗಿತ್ತೆಂದು ಕಥೆಗಾರನು ಹೇಳುವುದು ಹೆಗಲಿಗೆ ಆನಿಸುವ ಭಾಗವನ್ನೇ. ಈ ಮೊರಾನನನ್ನು ಡಾಯ್ಲರು ಬೆಂಗಳೂರು ಪಯೊನೀರ್ಸ್ ಎಂಬ ದಂಡಿನ ಮಾಜಿ ಅಧಿಕಾರಿಯನ್ನಾಗಿ ಮಾಡಿರುವುದು ಕನ್ನಡಿಗರಿಗೆ ಮಾತ್ರ ನಗೆ ತರಿಸುವ ಸಂಗತಿ. ಆ ಹೆಸರಿನ ದಂಡು ಕಥೆಯೊಳಗಿನದೇ ಹೊರತು ಚರಿತ್ರೆಯದಲ್ಲ.

ಗಾಳಿಯನ್ನು ಬಿಟ್ಟು ಮದ್ದಿನ ಪಿಸ್ತೂಲುಗಳತ್ತ ಸ್ವಲ್ಪ ತಿರುಗುವುದು ಇಲ್ಲಿ ಅವಶ್ಯ. ಪಿಸ್ತೂಲಿಗೆ ಹೆಗಲುಮರವನ್ನು ಸೇರಿಸುವ ಆಲೋಚನೆಯು ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಗೆ ಬಂದುದು ಅವುಗಳಲ್ಲಿಯೇ. ರಾವುತನಿಗೆ ಕುದುರೆಯ ಮೇಲೆ ಪಿಸ್ತೂಲು ಬೇಕು, ಇಳಿದ ಮೇಲೆ ಕಾರ್ಬೈನು ಬೇಕು. ಎರಡನ್ನೂ ಒಂದೇ ಮಾಡಿದರೆ ಭಾರ ತಗ್ಗುತ್ತದೆಯಲ್ಲವೆ ಎಂಬುದು ಯುಕ್ತಿ. ಅಮೆರಿಕದ ಸರ್ಕಾರವು, ಜೆಫರ್ಸನ್ ಡೇವಿಸನು ಯುದ್ಧಶಾಖೆಯ ಕಾರ್ಯದರ್ಶಿಯಾಗಿದ್ದಾಗ, ೧೮೫೫ರ ಮಾದರಿಯ ಪಿಸ್ತೂಲು-ಕಾರ್ಬೈನನ್ನು ಸ್ಪ್ರಿಂಗ್‌ಫೀಲ್ಡಿನ ಕಾರ್ಖಾನೆಯಲ್ಲಿ ಮಾಡಿಸಿತು. ೧೨ ಅಂಗುಲದ ನಳಿಗೆ, ಅಂಗುಲದ ನೂರರಲ್ಲಿ ೫೮ ಭಾಗದ ವ್ಯಾಸ, ಒಮ್ಮೆಗೆ ಒಂದೇ ಗುಂಡು. ತಯಾರಾದವು ೪೦೨೧. ಕುದುರೆಯ ಮೇಲೆ ಅದು ಪಿಸ್ತೂಲಿಗೆ ಅತಿ ಭಾರವಾಯಿತು. ನೆಲದ ಮೇಲೆ ಕಾರ್ಬೈನಿಗೆ ಅತಿ ಗಿಡ್ಡವಾಯಿತು. ಆರು ಗುಂಡುಗಳ ರಿವಾಲ್ವರು ಆಗಲೇ ಬಂದುಬಿಟ್ಟಿದ್ದುದರಿಂದ ಅದರ ಆಯುಷ್ಯವೂ ಗಿಡ್ಡವಾಯಿತು. ಕೋಲ್ಟನು ತನ್ನ ರಿವಾಲ್ವರುಗಳಿಗೂ ಹೆಗಲುಮರಗಳನ್ನು ಮಾಡಿದನು. ಅವುಗಳಲ್ಲಿ ಒಂದು ಬಗೆಯನ್ನು ಒಳಗೆ ಟೊಳ್ಳುಮಾಡಿ ಕುಡಿಯುವ ನೀರಿನ ಪಾತ್ರೆಯನ್ನಾಗಿಸಿದ್ದನು. ಜಿರಾಂದೋನಿಯು ಗಾಳಿ ತುಂಬಿದಲ್ಲಿ ಕೋಲ್ಟನು ನೀರು ತುಂಬಿದನು.

೧೮೯೬ರ ಮೌಸರ್ ಪಿಸ್ತೂಲಿನಲ್ಲಿ ಈ ಟೊಳ್ಳು ಮರವು ಪಿಸ್ತೂಲಿನ ಒರೆಯೇ ಆಯಿತು. ಮರದ ಪೆಟ್ಟಿಗೆಯೊಳಗೆ ಪಿಸ್ತೂಲು. ತೆಗೆದು ಅದೇ ಪೆಟ್ಟಿಗೆಯನ್ನು ಹಿಡಿಯ ಹಿಂಬದಿಗೆ ಸಿಕ್ಕಿಸಿದರೆ ಹೆಗಲುಮರ. ಚೀನದಲ್ಲಿ ಇದಕ್ಕೆ ‘ಪೆಟ್ಟಿಗೆ ಫಿರಂಗಿ’ ಎಂಬ ಹೆಸರು ಬಂದಿತು. ಲೋಕದ ಭಾಷೆಗಳಲ್ಲಿ ಹೆಗಲುಮರದ ಹೆಸರಿನಿಂದಲೇ ಆಯುಧವನ್ನು ಕರೆದ ಅಪೂರ್ವ ಉದಾಹರಣೆಗಳಲ್ಲಿ ಇದು ಒಂದು. ಕೋವಿ-ತುಪಾಕಿ-ಬಂದೂಕುಗಳು ಮಾಡದುದನ್ನು ಚೀನೀಯರ ನುಡಿ ಮಾಡಿತು. ೧೮೯೮ರ ಸೆಪ್ಟೆಂಬರಿನಲ್ಲಿ ಸೂಡಾನಿನ ಓಮ್‌ಡರ್ಮನ್ ಕದನದಲ್ಲಿ ವಿನ್‌ಸ್ಟನ್ ಚರ್ಚಿಲ್ ಈ ಪಿಸ್ತೂಲನ್ನೇ ಹಿಡಿದಿದ್ದನು. ಎರಡು ವರ್ಷ ಹಿಂದೆ, ಬೆಂಗಳೂರಿನ ದಂಡಿಗೆ ಬರುತ್ತ ಮುಂಬಯಿಯಲ್ಲಿ ದೋಣಿಯಿಂದಿಳಿಯುವಾಗ ಅವನ ಹೆಗಲು ಕೀಲು ತಪ್ಪಿದ್ದಿತು. ಕತ್ತಿ ಬೀಸಲು ಅದು ಒಪ್ಪದಿದ್ದುದರಿಂದ ಪಿಸ್ತೂಲು. ಕುದುರೆಯ ಓಟದಲ್ಲಿ ಅವನು ಅದನ್ನು ಬರಿಗೈಯಿಂದಲೇ ಹಾರಿಸಿದನು.

ಮೌಸರಿನ ಗುರಿನೋಟಗಳಲ್ಲಿ ೧೦೦೦ ಮೀಟರಿನವರೆಗೆ ಗುರುತುಗಳನ್ನು ಕೆತ್ತಲಾಗಿತ್ತು. ೧೯೧೩ರಲ್ಲಿ ಜರ್ಮನಿಯ ಫಿರಂಗಿದಳಕ್ಕೆ ಗೊತ್ತುಮಾಡಿದ ಉದ್ದನಳಿಗೆಯ ಲೂಗರ್ ಪಿಸ್ತೂಲಿಗೆ ಹಲಗೆಯಂಥ ಹೆಗಲುಮರವೂ ೮೦೦ ಮೀಟರಿನ ಗುರುತೂ ಇದ್ದವು. ಈ ಅಂಕೆಗಳನ್ನು ಕೆತ್ತಿದವರ ಆತ್ಮವಿಶ್ವಾಸವನ್ನು ಮೆಚ್ಚಬೇಕೇ ಹೊರತು ನಂಬಬೇಕಾಗಿಲ್ಲ. ಹೆಗಲುಮರವು ಕೈಯ ನಡುಕವನ್ನು ನಿಲ್ಲಿಸಬಲ್ಲುದು. ಪಿಸ್ತೂಲಿನ ಸಣ್ಣ ತೋಟಾಕ್ಕೆ ಬಂದೂಕಿನ ತೋಟಾದ ಬಲವನ್ನು ಕೊಡಲಾರದು. ಸೈನ್ಯಗಳಲ್ಲಿ ಈ ಉಪಾಯವು ಮತ್ತೆ ಮತ್ತೆ ತಲೆಯೆತ್ತಿ ಮತ್ತೆ ಮತ್ತೆ ಬಿದ್ದುಹೋದುದಕ್ಕೆ ಇದೇ ಕಾರಣ. ಇದರ ಜತೆಗೆ ಒಂದು ಲೌಕಿಕ ಕಾರಣವೂ ಉಂಟು: ಬೇಕಾದ ಹೊತ್ತಿನಲ್ಲಿ ಮರವು ಬೇರೊಂದೆಡೆ ಇರುತ್ತಿತ್ತು.

ಸೈನ್ಯವು ಬಿಟ್ಟುದನ್ನು ಕಾನೂನು ಹಿಡಿದುಕೊಂಡಿತು. ಅಮೆರಿಕದಲ್ಲಿ ೧೯೩೪ರ ರಾಷ್ಟ್ರೀಯ ಶಸ್ತ್ರಶಾಸನವು ಗಿಡ್ಡನಳಿಗೆಯ ಬಂದೂಕುಗಳ ಮೇಲೆ ತೆರಿಗೆಯನ್ನೂ ನೋಂದಣಿಯನ್ನೂ ವಿಧಿಸಿತು. ಮೊದಲ ಕರಡಿನಲ್ಲಿ ಪಿಸ್ತೂಲುಗಳೂ ಸೇರಿದ್ದವು. ಅವು ಬಿಟ್ಟುಹೋದವು, ಗಿಡ್ಡ ಬಂದೂಕುಗಳು ಉಳಿದುಕೊಂಡವು. ಇದರ ಫಲವಾಗಿ, ಒಬ್ಬನ ಮನೆಯಲ್ಲಿರುವ ಪಿಸ್ತೂಲು ಪಿಸ್ತೂಲಾಗಿರುವವರೆಗೆ ಈ ಶಾಸನದ ಹೊರಗೆ; ಅದಕ್ಕೆ ಒಂದು ಮರದ ತುಂಡನ್ನು ಸಿಕ್ಕಿಸಿದ ಕ್ಷಣವೇ ಅದು ಹೆಗಲಿನಿಂದ ಹಾರಿಸುವ ಗಿಡ್ಡ ಬಂದೂಕು, ಶಾಸನದ ಒಳಗೆ. ನಳಿಗೆ ಅದೇ, ತೋಟಾ ಅದೇ, ಒಡೆಯನೂ ಅವನೇ. ಹಳೆಯ ಮೌಸರ್, ಲೂಗರ್ ಪಿಸ್ತೂಲುಗಳನ್ನು ಮೂಲದ ಹೆಗಲುಮರಗಳೊಡನೆ ಸಂಗ್ರಹಿಸುವವರ ಮೊರೆಯ ಮೇಲೆ ಅಂಥವುಗಳಲ್ಲಿ ಕೆಲವನ್ನು ಮುಂದೆ ಪಟ್ಟಿಯಿಂದ ಬಿಡಬೇಕಾಯಿತು. ಮರವೇ ಜಾತಿಯನ್ನು ನಿರ್ಣಯಿಸುತ್ತದೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಶಾಸ್ತ್ರಕಾರನೂ ಹೇಳಿಲ್ಲ. ಆದರೆ ಅದೇ ದೇಶದ ೧೯೬೮ರ ಶಾಸನವು ಸಿಡಿಮದ್ದಿನಿಂದ ಗುಂಡು ಹಾರಿಸುವುದನ್ನು ಮಾತ್ರ ಶಸ್ತ್ರವೆಂದು ಎಣಿಸಿದುದರಿಂದ ಗಾಳಿಪಿಸ್ತೂಲು ಈ ತೊಡಕಿಗೆ ಸಿಕ್ಕಲಿಲ್ಲ. ಮದ್ದಿನ ಪಿಸ್ತೂಲಿಗೆ ಮುಚ್ಚಿದ ಬಾಗಿಲು ಗಾಳಿಯ ಪಿಸ್ತೂಲಿಗೆ ತೆರೆದೇ ಇದ್ದಿತು.

ಗಾಳಿಪಿಸ್ತೂಲಿಗೆ ಹೆಗಲುಮರವನ್ನು ಸೇರಿಸುವ ವಾಡಿಕೆ ಅದಕ್ಕಿಂತ ಒಂದು ಶತಮಾನದಷ್ಟು ಹಿಂದಿನದು. ನ್ಯೂಯಾರ್ಕ್ ಪ್ರಾಂತದ ಹರ್ಕಿಮರ್ ಊರಿನ ಹೆನ್ರಿ ಕ್ವಾಕೆನ್‌ಬುಷನು ೧೮೭೧ರಲ್ಲಿ ಗಾಳಿಪಿಸ್ತೂಲೊಂದಕ್ಕೆ ಹಕ್ಕುಪತ್ರವನ್ನು ಪಡೆದನು. ಇವನ ಕಾರ್ಖಾನೆಯು ಕಾಯಿ ಒಡೆಯುವ ಅಡಕೊತ್ತುಗಳಿಗೂ ಮುಂದೆ ಹೆಸರಾಯಿತು. ಬಂದೂಕೆಂಬ ಶಬ್ದದ ಮೂಲವನ್ನು ಬಲ್ಲವರಿಗೆ ಈ ನೆಂಟತನ ವಿನೋದವಾಗಿ ಕಾಣಬಹುದು. ಅವನ ಹಕ್ಕುಗಳನ್ನು ಕೊಂಡ ಬಾಸ್ಟನಿನ ಆಲ್ಬರ್ಟ್ ಪೋಪನು, ಸೈಕಲ್ ವ್ಯಾಪಾರದಿಂದ ಪ್ರಖ್ಯಾತನಾಗುವುದಕ್ಕೆ ಮೊದಲು, ೧೮೭೦ರ ದಶಕದಲ್ಲಿ ‘ರೈಫಲ್ ಗಾಳಿಪಿಸ್ತೂಲು’ ಎಂಬುದನ್ನು ಮಾರುತ್ತಿದ್ದನು. ಅದರೊಡನೆ ಕಳಚಬಹುದಾದ ತಂತಿಯ ಹೆಗಲುಹಿಡಿಯೊಂದು ಬರುತ್ತಿತ್ತು. ದೀವಾನಖಾನೆಯಲ್ಲಿ ಗುರಿಹಲಗೆಯ ಮುಂದೆ ನಿಂತವರು ಕೈಯಿಂದಲೂ ಹೊಡೆಯಬಹುದು, ಹೆಗಲಿನಿಂದಲೂ ಹೊಡೆಯಬಹುದು. ಇಲ್ಲಿ ರಾವುತನ ಕಷ್ಟಗಳೊಂದೂ ಇಲ್ಲವೆಂಬುದನ್ನು ಗಮನಿಸಬೇಕು: ಕುದುರೆಯಿಲ್ಲ, ಶತ್ರುವಿಲ್ಲ, ಅವಸರವಿಲ್ಲ, ದೂರವೂ ಕೆಲವೇ ಗಜ. ಆ ದೂರದಲ್ಲಿ ಸಣ್ಣ ಸೀಸದ ಗುಂಡಿಗೆ ಬೇಕಾದ ಬಲವೆಲ್ಲ ಇದೆ. ಇಲ್ಲದಿರುವುದು ಕೈಯ ಸ್ಥೈರ್ಯವೊಂದೇ. ರಣದಲ್ಲಿ ಸೋತ ಉಪಾಯವು ಮನೆಯಲ್ಲಿ ಗೆದ್ದುದು ಇದರಿಂದ.

ಇಂಗ್ಲೆಂಡಿನಲ್ಲಿ ೧೯೨೦ರ ಶಾಸನವು ಪಿಸ್ತೂಲುಗಳಿಗೆ ಅಪ್ಪಣೆಚೀಟಿಯನ್ನು ಕಡ್ಡಾಯಮಾಡಿದ ಮೇಲೆ, ೧೯೨೪ರಲ್ಲಿ ಬರ್ಮಿಂಗ್‌ಹ್ಯಾಮಿನ ವೆಬ್ಲಿ ಸಂಸ್ಥೆಯು ನಳಿಗೆಯನ್ನು ಉರುಳೆಯ ಮೇಲೆ ಮಡಿಸಿಟ್ಟ ಗಾಳಿಪಿಸ್ತೂಲನ್ನು ಹೊರತಂದಿತು. ಅಲ್ಲಿ ಪಿಸ್ತೂಲಿಗೆ ಮರವನ್ನು ಸಿಕ್ಕಿಸುವುದಕ್ಕೆ ಬದಲು, ಅದೇ ವಿನ್ಯಾಸವನ್ನು ಹಿಗ್ಗಿಸಿ ಬೇರೆಯೇ ಬಂದೂಕನ್ನು ಮಾಡಿದರು. ಆಂಗ್ಲರಿಗೆ ಬೆರಕೆಯು ಅಷ್ಟಾಗಿ ರುಚಿಸಲಿಲ್ಲವೆಂದು ತೋರುತ್ತದೆ.

ಬೆರಕೆಯು ಪೂರ್ಣವಾಗಿ ನೆಲೆಗೊಂಡುದು ೧೯೭೭ರಲ್ಲಿ ಅಮೆರಿಕದ ಕ್ರಾಸ್‌ಮನ್ ಸಂಸ್ಥೆಯು ಹೊರಡಿಸಿದ ೧೩೭೭ ಎಂಬ ಅಂಕಿತದ ಗಾಳಿಪಿಸ್ತೂಲಿನಲ್ಲಿ. ಇದರ ನಳಿಗೆ ಸುಮಾರು ೧೦ ಅಂಗುಲ. ನಳಿಗೆಯ ಕೆಳಗಿನ ಮುಂಗೈಹಿಡಿಯೇ ಪಂಪಿನ ಸನ್ನೆ. ಹಾರಿಸುವವನು ಅದನ್ನು ಮೂರರಿಂದ ಹತ್ತು ಸಲ ಮಡಿಸಿ ತೆರೆದು ಗಾಳಿಯನ್ನು ಒತ್ತುತ್ತಾನೆ. ಹತ್ತನೆಯ ಸಲಕ್ಕೆ ಗುಂಡಿನ ವೇಗ ಸೆಕೆಂಡಿಗೆ ಸುಮಾರು ೬೦೦ ಅಡಿಗೆ ಮುಟ್ಟುತ್ತದೆ. ಜಿರಾಂದೋನಿಯ ೧೫೦೦ ಒತ್ತುಗಳೆಲ್ಲಿ, ಈ ಹತ್ತು ಒತ್ತುಗಳೆಲ್ಲಿ! ಆದರೆ ಅಲ್ಲಿ ಒಂದು ತುಂಬಿಗೆ ಮೂವತ್ತು ಹೊಡೆತ. ಇಲ್ಲಿ ಪ್ರತಿಯೊಂದು ಹೊಡೆತಕ್ಕೂ ಹೊಸದಾಗಿ ದುಡಿಯಬೇಕು. ಈ ದುಡಿಮೆಯಲ್ಲಿಯೇ ಪಿಸ್ತೂಲಿನ ರೂಪವು ಮೊದಲು ಬಿರುಕುಬಿಡುವುದು. ಗಿಡ್ಡದಾದ ಸನ್ನೆಯನ್ನು ಏಳೆಂಟು ಸಲ ಒತ್ತುವವನಿಗೆ ಆಯುಧದ ಹಿಂಬದಿಯನ್ನು ಎಲ್ಲಿಯಾದರೂ ಊರಿಕೊಳ್ಳಬೇಕೆನಿಸುತ್ತದೆ. ಸಂಸ್ಥೆಯು ೧೩೯೯ ಎಂಬ ಅಂಕಿತದಿಂದ ಮಾರಿದ ಪ್ಲಾಸ್ಟಿಕಿನ ಹೆಗಲುಹಿಡಿಯು ಈ ಬಯಕೆಯನ್ನೂ ಗುರಿಕಾರನ ಬಯಕೆಯನ್ನೂ ಒಟ್ಟಿಗೆ ತೀರಿಸಿತು. ಪಿಸ್ತೂಲಿನ ಹಿಡಿಯ ಎರಡು ಪಕ್ಕೆಗಳನ್ನು ಕಳಚಿ ಅವುಗಳ ಸ್ಥಾನದಲ್ಲಿ ಇದನ್ನು ತಿರುಪಿನಿಂದ ಬಿಗಿದರೆ ಮುಗಿಯಿತು. ಉಳಿ ಬೇಡ, ಅರ ಬೇಡ.

ಆದರೆ ಒಂದನ್ನು ಬದಲಿಸಿದವನು ಒಂದಕ್ಕೇ ನಿಲ್ಲಲಾರನೆಂಬುದನ್ನು ಈ ಪಿಸ್ತೂಲಿನ ಚರಿತ್ರೆ ಚೆನ್ನಾಗಿ ತೋರಿಸುತ್ತದೆ. ಚಾಚಿದ ತೋಳಿನ ದೂರಕ್ಕೆ ಹೊಂದಿಸಿದ್ದ ಹಿಂದಣ ಗುರಿನೋಟವು, ಕೆನ್ನೆಯನ್ನು ಹೆಗಲುಮರಕ್ಕೆ ಒತ್ತಿದೊಡನೆ ಕಣ್ಣಿಗೆ ಅತಿ ಸಮೀಪಕ್ಕೆ ಬಂದು ಮಸುಕಾಯಿತು. ಆದುದರಿಂದ ಸಣ್ಣ ರಂಧ್ರದ ಗುರಿನೋಟವೋ ದುರ್ಬೀನೋ ಬೇಕಾಯಿತು. ದುರ್ಬೀನನ್ನು ಕೂರಿಸಲು ಮೂಲದ ಪ್ಲಾಸ್ಟಿಕ್ ಗುಂಡುಗೂಡಿನಲ್ಲಿ ಗಾಡಿಯಿರಲಿಲ್ಲ. ಅದಕ್ಕೆ ಬದಲಾಗಿ ಉಕ್ಕಿನ ಗುಂಡುಗೂಡು ಬಂದಿತು. ಉಕ್ಕಿನ ಗೂಡು ಬಂದಮೇಲೆ ಉದ್ದವಾದ ನಳಿಗೆಯನ್ನು ಹಾಕಿದರೇನೆಂಬ ಆಲೋಚನೆ ಹುಟ್ಟಿತು. ಉದ್ದ ನಳಿಗೆಯಲ್ಲಿ ಒತ್ತಿದ ಗಾಳಿಯು ಗುಂಡನ್ನು ಹೆಚ್ಚು ಹೊತ್ತು ತಳ್ಳುವುದರಿಂದ ವೇಗವೂ ನಿಜವಾಗಿ ಹೆಚ್ಚಿತು. ಹೆಗಲುಮರದಿಂದ ಮೊದಲಾದುದು ಹೀಗೆ ಕಣ್ಣಿಗೆ, ಕಣ್ಣಿನಿಂದ ಗೂಡಿಗೆ, ಗೂಡಿನಿಂದ ನಳಿಗೆಗೆ ಹೋಗಿ, ಕಡೆಗೆ ಮೂಲದ ಪಿಸ್ತೂಲಿನಲ್ಲಿ ಉಳಿದುದು ಗಾಳಿಯ ಉರುಳೆಯೂ ಕುದುರೆಯೂ ಮಾತ್ರ. ಬಿಡಿಭಾಗಗಳಿಗೆ ಕೊಟ್ಟ ಹಣವು ಪಿಸ್ತೂಲಿನ ಬೆಲೆಯನ್ನು ಮೀರುವುದು ಇಂಥ ಕಡೆಗಳಲ್ಲಿ ಅಪರೂಪವಲ್ಲ. ಆ ಹಣಕ್ಕೆ ಒಳ್ಳೆಯ ಗಾಳಿಬಂದೂಕೇ ಬರುತ್ತಿತ್ತೆಂಬ ಲೆಕ್ಕವನ್ನು ಹೇಳಿದರೆ ಇದರಲ್ಲಿ ರುಚಿಯುಳ್ಳವರು ಒಪ್ಪುವುದೂ ಇಲ್ಲ.

ಬ್ರಿಟನ್ನಿನ ೧೯೬೯ರ ನಿಯಮಗಳು ಗಾಳಿಪಿಸ್ತೂಲಿಗೆ ೬ ಅಡಿ-ಪೌಂಡು, ಇತರ ಗಾಳಿಕೋವಿಗಳಿಗೆ ೧೨ ಅಡಿ-ಪೌಂಡು ಎಂದು ಬಲದ ಮೇರೆಗಳನ್ನು ಇಟ್ಟವು. ಕೈಗೂ ಹೆಗಲಿಗೂ ಇರುವ ಅಂತರವು ಅಲ್ಲಿ ಸರಿಯಾಗಿ ಎರಡರಷ್ಟು. ಕ್ರೀಡಾಲೋಕದ ಕಟ್ಟಳೆ ಇನ್ನೂ ಕಟ್ಟುನಿಟ್ಟಾದುದು. ಗಾಳಿಬಂದೂಕು ೧೯೮೪ರಲ್ಲಿಯೂ ಗಾಳಿಪಿಸ್ತೂಲು ೧೯೮೮ರಲ್ಲಿಯೂ ಒಲಿಂಪಿಕ್ ಪಂದ್ಯಗಳಿಗೆ ಸೇರಿದವು. ಎರಡಕ್ಕೂ ದೂರ ೧೦ ಮೀಟರು, ಎರಡಕ್ಕೂ ಗುಂಡಿನ ವ್ಯಾಸ ೪.೫ ಮಿಲಿಮೀಟರು. ಪಿಸ್ತೂಲನ್ನು ಒಂದೇ ಕೈಯಿಂದ, ಮಣಿಕಟ್ಟಿಗೆ ಯಾವ ಆಸರೆಯೂ ಇಲ್ಲದೆ ಹಾರಿಸಬೇಕು. ಪಂದ್ಯಕ್ಕೆ ಮೊದಲು ಪರೀಕ್ಷಕರು ಪ್ರತಿಯೊಂದು ಪಿಸ್ತೂಲನ್ನೂ ಒಂದು ಅಳತೆಯ ಪೆಟ್ಟಿಗೆಯಲ್ಲಿ ಇಟ್ಟು ನೋಡುತ್ತಾರೆ. ಅದರ ಉದ್ದ ೪೨೦ ಮಿಲಿಮೀಟರು, ಎತ್ತರ ೨೦೦, ಅಗಲ ೫೦. ಹೆಗಲುಮರವುಳ್ಳ ಯಾವ ಪಿಸ್ತೂಲೂ ಆ ಪೆಟ್ಟಿಗೆಯಲ್ಲಿ ಹಿಡಿಸುವುದಿಲ್ಲ.